ಅಗಸಿಯಾಚೆ ಐದು ವರ್ಷ

ದಾವಲಸಾಬ ತನ್ನ ಫೋಟೋ ಸ್ಟುಡಿಯೋದ ಗಾಜಿನ ಮೇಜಿನ ಮೇಲೆ ಮೂರು ಕಾಗದ ಹರವಿ, "ಆರಿಸ್ರಿ ಮಾಸ್ತರ್ರ. ಹೆಣ್ಣು ನೋಡಾಕ ಹೋದಂಗಲ್ಲ ಇದು, ಮೂರೂ ಕಡೆಯವ್ರು ನಿಮ್ಮನ್ನ ಮದ್ಲ ಒಪ್ಯಾರ" ಎಂದ. ಪಾಸ್‌ಪೋರ್ಟ್ ಫೋಟೋ ತೆಗೆಯುತ್ತ ತೆಗೆಯುತ್ತ ಪರದೇಶದ ನೌಕರಿಯ ಕಾಗದಪತ್ರಗಳನ್ನೂ ಅರಗಿಸಿಕೊಂಡವನು ಅವನು. ನಮ್ಮೂರ ನರ್ಸುಗಳು, ವೈರಿಂಗ್ ಕೆಲಸದವರು ಎಲ್ಲರೂ ಅವನ ನೀಲಿ ಪರದೆಯ ಮುಂದೆ ಕೂತು ಎದ್ದೇ ಊರ ಹೆಬ್ಬಾಗಿಲಾದ ಅಗಸಿ ದಾಟಿದವರು. ಇಂಗ್ಲಿಷ್ ಕಲಿಸಲು ಹೊರಟವನು ಮಾತ್ರ ನಾನೇ ಮೊದಲಿಗ. ಎಂ.ಎ., ಬಿ.ಎಡ್., ಹನ್ನೊಂದು ವರ್ಷದ ಅನುಭವ, ಅದರ ಮೇಲೆ ಶಹರದಲ್ಲಿ ಇಪ್ಪತ್ತು ದಿನ ಕೂತು ಪಡೆದ ಇಂಗ್ಲಿಷ್ ಬೋಧನೆಯ ಪ್ರಮಾಣಪತ್ರ. ಇಷ್ಟನ್ನೂ ಅವನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಮದುವೆ ವಯಸ್ಸಿಗೆ ಬಂದ ತಂಗಿಯ ಜಾತಕದಂತೆ ಜತನ ಮಾಡಿದ್ದ.

ಮೊದಲ ಕಾಗದ ಒಂದು ದ್ವೀಪದ್ದು. ಮೀನುಗಾರರ ಮಕ್ಕಳ ಸಣ್ಣ ಶಾಲೆ, ಒಂದರಿಂದ ನಾಲ್ಕನೇ ತರಗತಿ. ಹಾಡು ಹೇಳಿಸಬೇಕು, ಬಣ್ಣಗಳ ಹೆಸರು ಕಲಿಸಬೇಕು. ಸಂಬಳ ಅಷ್ಟಕ್ಕಷ್ಟೇ, ಆದರೆ ಇರಲು ಎರಡು ಕೋಣೆಯ ಮನೆ ಇತ್ತು. ಶಿಕ್ಷಕರು ತಮ್ಮ ಮಗುವನ್ನು ಕರೆತಂದು ಅದೇ ಶಾಲೆಯಲ್ಲಿ ಓದಿಸಬಹುದಿತ್ತು. ಎರಡನೆಯದು ಮರಳುಗಾಡಿನ ಒಂದು ಶಹರದ್ದು, ವರ್ಷಕ್ಕೊಮ್ಮೆ ಊರಿಗೆ ಹೋಗಿಬರುವ ಟಿಕೆಟ್ ಸಮೇತ. ಮೂರನೆಯದು ಬಹಳ ದೂರದ, ಹಿಮ ಬೀಳುವ ನಾಡಿನದು. ಮೂರು ಮಹಡಿಯ ಶಾಲೆ, ದೊಡ್ಡ ತರಗತಿಗಳಿಗೆ ಸಾಹಿತ್ಯ, ನನ್ನ ಹೆಸರಿನ ಫಲಕ ಇರುವ ಸ್ವಂತ ಕೋಣೆ. ಮೂರು ವರ್ಷದ ಕರಾರು, ನಡುವೆ ರಜೆ ಇಲ್ಲ, ಒಂಟಿಯಾಗಿ ಬರುವವರಿಗೆ ಮಾತ್ರ.

"ಮನಿಗೆ ಒಯ್ದು ಓದಿ ಹೇಳ್ರಿ" ಎಂದ ದಾವಲಸಾಬ. "ಆದ್ರ ಭಾಳ ಓದಬ್ಯಾಡ್ರಿ. ಭಾಳ ಓದಿದವ್ರು ಇಲ್ಲೇ ಉಳೀತಾರ."

ನಮ್ಮೂರಲ್ಲಿ ಹಿರಿಯರು ಅಗಸಿ ದಾಟಿ ಹೊರಗೆ ರಾತ್ರಿ ಕಳೆದರೆ, ಅವರು ತಿರುಗಿ ಬರುವ ತನಕ ಮನೆಯ ಮಗು ಬೆಳೆಯುವುದಿಲ್ಲ. ಮಗು ನಿಂತಿತು ಎನ್ನುತ್ತೇವೆ. ಕ್ಷೌರದ ಭರಮಪ್ಪ ಇದಕ್ಕಾಗಿ ಪರದೇಶದ ನೌಕರಿಗಳನ್ನೆಲ್ಲ ಶಪಿಸುತ್ತಾನೆ, ಚಪ್ಪಲಿ ಅಂಗಡಿಯವನೂ ಶಪಿಸುತ್ತಾನೆ. ಲಾರಿ ಡ್ರೈವರುಗಳ ಮಕ್ಕಳು ತಿಂಗಳಲ್ಲಿ ಹತ್ತು ದಿನ ಬೆಳೆದು ಇಪ್ಪತ್ತು ದಿನ ನಿಲ್ಲುತ್ತಾರೆ, ಆದ್ದರಿಂದ ಪಂಚಾಯತಿಯ ದಾಖಲೆಯಲ್ಲಿ ಎಲ್ಲರಿಗೂ ಎರಡು ವಯಸ್ಸು: ಒಂದು ಕಾಗದದ್ದು, ಒಂದು ಮೈಯದು. ಹೆಣ್ಣು ಗಂಡು ನೋಡುವಾಗ ಎರಡನ್ನೂ ಕೇಳುತ್ತಾರೆ. ನಿಂತ ಮಗುವಿನ ಫೋಟೋ ತೆಗೆದು ಹೊರಗೆ ಕಳಿಸುವ ರೂಢಿಯಿಲ್ಲ. ಬದಲಾಗದ ಮುಖವನ್ನು ಎಷ್ಟು ಸಲ ಕಳಿಸುವುದು? ಫೋನಿನಲ್ಲಿ ದನಿ ಕೇಳಿದರೆ ಸಾಕು. ಶಾಲೆಯಲ್ಲಿ ಇಂಥ ಮಕ್ಕಳಿಗೆಂದೇ ನಿಂತವರ ಖೋಲಿ ಎಂದು ಒಂದು ಕೋಣೆ ಇದೆ. ಹನ್ನೊಂದು ವರ್ಷ ಅಲ್ಲಿ ಪಾಠ ಹೇಳಿದವನು ನಾನೇ. ಅದೇ ಮೂರನೇ ತರಗತಿಯ ಪುಸ್ತಕ, ಅದೇ ಹದಿನಾರು ಪಾಠ, ಅದೇ ಬೆಂಚು. ಗಲಾಟೆ ಇಲ್ಲದ ಮಕ್ಕಳು. ನೌಕರಿಯಲ್ಲಿ ನನಗೆ ಸಿಕ್ಕ ಅತ್ಯಂತ ಸುಲಭದ ತರಗತಿ ಅದೆಂದು ಮುಖ್ಯೋಪಾಧ್ಯಾಯರ ಮುಂದೆ ಹೇಳಿಯೂ ಇದ್ದೆ.

ಒಂದು ಮಗು ಒಬ್ಬರಿಗಾಗಿ ಮಾತ್ರ ನಿಲ್ಲುತ್ತದೆ. ಯಾರಿಗಾಗಿ ಎಂಬುದು ಮಗುವಿಗೇ ಬಿಟ್ಟದ್ದು. ಹೆಚ್ಚಿನವು ತಾಯಿಗಾಗಿ ನಿಲ್ಲುತ್ತವೆ, ಕೆಲವು ಅಪ್ಪನಿಗಾಗಿ, ಕೆಲವು ಅಜ್ಜಿಗಾಗಿ. ಇದನ್ನು ಬಾಯಿಬಿಟ್ಟು ಕೇಳುವುದು ನಮ್ಮಲ್ಲಿ ಮರ್ಯಾದೆಯಲ್ಲ. ನನ್ನ ಹೆಂಡತಿ ತೀರಿಕೊಂಡಾಗ ಮಗಳು ನೀಲಾಳಿಗೆ ನಾಲ್ಕು ವರ್ಷ. ಆಮೇಲೆ ಅವಳು ಯಾರಿಗಾಗಿ ನಿಲ್ಲುತ್ತಾಳೆಂದು ನನಗೂ ಗೊತ್ತಿರಲಿಲ್ಲ. ಪ್ರಮಾಣಪತ್ರಕ್ಕಾಗಿ ಇಪ್ಪತ್ತು ದಿನ ಶಹರದಲ್ಲಿದ್ದು ಮರಳಿ ಬಂದಾಗ, ಹೋಗುವ ಮುನ್ನ ನಾನೇ ಕತ್ತರಿಸಿದ್ದ ಅವಳ ಉಗುರು ಕತ್ತರಿಸಿದಂತೆಯೇ ಇದ್ದವು. ಆ ಹತ್ತು ಉಗುರುಗಳನ್ನು ನೋಡಿ ನನಗಾದ ಹಿಗ್ಗನ್ನು ಯಾರಿಗೂ ಹೇಳಿಕೊಳ್ಳಲಿಲ್ಲ. ಅಡಿಗೆಮನೆಗೆ ಹೋಗಿ ಒಂದು ಚೊಂಬು ನೀರು ಕುಡಿದೆ.

ಮೂರು ಕಾಗದಗಳನ್ನು ನಾನು ಮೊದಲು ತೋರಿಸಿದ್ದು ಕಾಶಕ್ಕನಿಗೆ. ಅವಳು ನನ್ನ ಅಕ್ಕ, ಗಂಡ ಸತ್ತ ಮೇಲೆ ತನ್ನ ಹೊಲಿಗೆ ಯಂತ್ರದೊಂದಿಗೆ ನನ್ನ ಮನೆಗೆ ಬಂದವಳು. ಅರ್ಧ ಊರಿನ ಶಾಲಾ ಅಂಗಿಗಳು ಅವಳ ಕೈಯಿಂದಲೇ ಆಗುತ್ತಿದ್ದವು. ಅವಳು ಯಂತ್ರ ತುಳಿಯುವ ಕಾಲು ನಿಲ್ಲಿಸದೆ, "ಇದರಾಗ ಕೂಸಿನ್ನ ಕರಕೊಂಡು ಹೋಗೂದು ಯಾವ್ದು?" ಎಂದಳು.

"ದ್ವೀಪದ್ದು. ಆದ್ರ ಅಲ್ಲೆ ಒಂದನೇತ್ತಾ ಎರಡನೇತ್ತಾ ಕಲಸಬೇಕು. ಕೆಂಪು ನೀಲಿ ಹಳದಿ ಅಂತ ಕುಣೀಬೇಕು."

"ಕುಣಿ. ಏನ್ ಸವದ ಹೋಗ್ತಿ?"

"ಅಕ್ಕಾ, ಎಂ.ಎ. ಮಾಡಿದ್ದು ಕುಣಿಯಾಕಲ್ಲ. ಹನ್ನೊಂದು ವರ್ಷ ಹದಿನಾರು ಪಾಠ ಹೇಳೀನಿ. ಒಮ್ಮೆರೆ ದೊಡ್ಡ ಹುಡುಗರಿಗೆ, ತಿರುಗಿ ಪ್ರಶ್ನೆ ಕೇಳೂ ಹುಡುಗರಿಗೆ ಕಲಸಬೇಕು ಅನಸ್ತದ. ಮೂರು ವರ್ಷ ಹೋದ್ರ ಹೋದ್ವು. ಹೋಗೂದು ನಂದು, ನೀಲಾಂದಲ್ಲಲ್ಲ. ಅಕಿ ಹೆಂಗ ಬಿಟ್ಟ ಹೋಗಿರ್ತೇನಿ ಹಂಗ ಇರ್ತಾಳ."

ಕಾಶಕ್ಕ ಆಗ ಯಂತ್ರ ನಿಲ್ಲಿಸಿದಳು. "ನಿಂತ್ರ ಹಸಿವಿ ಆಗೂದಿಲ್ಲೇನೋ ತಮ್ಮಾ? ಹಬ್ಬ ಬರೂದಿಲ್ಲೇನು?" ಎಂದಳು. ಉತ್ತರ ಬೇಕಿಲ್ಲದವಳಂತೆ ಮತ್ತೆ ಕಾಲು ಆಡಿಸಿದಳು. ಆ ಮಾತನ್ನು ನಾನು ಹೆಂಗಸರ ಮಾತು ಎಂದುಕೊಂಡೆ. ಈಗ ಬರೆಯುವಾಗಲೂ ಆ ಯಂತ್ರದ ಸದ್ದು ನನ್ನ ಕಿವಿಯಲ್ಲಿದೆ.

ಹಿಮದ ನಾಡಿಗೆ ಹೂಂ ಎಂದಾದ ಮೇಲೆ, ಹೊರಡುವ ವಾರ, ನೀಲಾಳಿಗೂ ಕಾಗದ ತೋರಿಸಿದೆ. ಎಂಟು ವರ್ಷದವಳು, ಓದಲಿಲ್ಲ, ಚಿತ್ರ ನೋಡಿದಳು. ದ್ವೀಪದ ಶಾಲೆಯ ಮುಂದೆ ಹಸಿರು ದೋಣಿ ಇತ್ತು. "ಇದು ಚಲೋ ಐತಿ" ಎಂದಳು. ಅದಲ್ಲ, ಇದು ಎಂದು ಮೂರು ಮಹಡಿಯ ಶಾಲೆ ತೋರಿಸಿದೆ. ಅವಳು ಎಷ್ಟೋ ಹೊತ್ತು ಅದನ್ನು ನೋಡಿ, ಬಾಯಿಗೆ ಬೆರಳು ಹಾಕಿ ಮುಂದಿನ ಹಲ್ಲನ್ನು ಅಲ್ಲಾಡಿಸಿದಳು.

"ಅಪ್ಪಾ, ನೀ ಹೋದ್ರ ಇದು ಮೂರು ವರ್ಷ ಹಿಂಗ ಅಲ್ಲಾಡ್ತಿರ್ತದೇನು?"

ನಾನು ನಕ್ಕೆ. "ಅಲ್ಲಾಡ್ಲಿ ಬಿಡು, ಆಡಾಕ ಒಂದು ಆಟಿಕಿ ಆತು."

"ರೊಟ್ಟಿ ತಿನ್ನಾಕ ಬರೂದಿಲ್ಲ. ನಾಕ ದಿನ ತಡದು ಹೋಗಪಾ, ಬೀಳ್ತದ. ಬಿದ್ದ ಮ್ಯಾಲೆ ಹೋಗು."

ಸೋಮವಾರ ಹಾಜರಾಗಬೇಕಿತ್ತು. ಟಿಕೆಟ್ ಬಂದಾಗಿತ್ತು. ದಾರ ಕಟ್ಟಿ ಕೀಳುತ್ತೇನೆಂದೆ, ಅವಳು ಅತ್ತಳು, ಬಿಟ್ಟೆ. ಶುಕ್ರವಾರ ನಾನು ಅಗಸಿ ದಾಟುವಾಗ ಅವಳು ಕಾಶಕ್ಕನ ಸೆರಗು ಹಿಡಿದು, ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಅಳುವನ್ನು ತಡೆಯುತ್ತಿದ್ದಾಳೆಂದು ನಾನು ತಿಳಿದೆ. ಹಲ್ಲನ್ನು ನಾಲಗೆಯಿಂದ ದೂಡುತ್ತಿದ್ದಳಂತೆ, ಬಸ್ಸು ಹೊರಡುವುದರೊಳಗೆ ಬೀಳಲಿ ಎಂದು. ಅದು ನನಗೆ ತಿಳಿದದ್ದು ಆಮೇಲೆ.

ಹಿಮದ ನಾಡಿನ ಬಗ್ಗೆ ಹೇಳಲು ಬಹಳವಿಲ್ಲ. ಶಾಲೆ ಚಿತ್ರದಲ್ಲಿ ಇದ್ದಂತೆಯೇ ಇತ್ತು. ಹೆಸರಿನ ಫಲಕವೂ ಇತ್ತು. ಮೊದಲ ವಾರ ಒಬ್ಬ ವಿದ್ಯಾರ್ಥಿಯ ತಂದೆ ನನ್ನ ಪ್ರಮಾಣಪತ್ರಗಳನ್ನೆಲ್ಲ ಗೌರವದಿಂದ ನೋಡಿ, ಈ ಇಂಗ್ಲಿಷನ್ನು ಮೂಲತಃ ಯಾವ ಊರಲ್ಲಿ ಕಲಿತಿರಿ ಎಂದು ಕೇಳಿದ. ನಮ್ಮೂರ ಹೆಸರು ಹೇಳಿದೆ. ಬಹಳ ಆಸಕ್ತಿಕರ ಎಂದ. ಮುಂದಿನ ತಿಂಗಳಿನಿಂದ ಅವನ ಮಗ ಬೇರೆ ಶಿಕ್ಷಕರ ತರಗತಿಯಲ್ಲಿದ್ದ. ಆದರೆ ಉಳಿದವರು ಪ್ರಶ್ನೆ ಕೇಳುತ್ತಿದ್ದರು. ಕವಿತೆಯ ಒಂದು ಸಾಲಿಗೆ ಮೂರು ಅರ್ಥ ಹೇಳಿ ನನ್ನನ್ನೇ ಸೋಲಿಸುತ್ತಿದ್ದರು. ಅಂಥ ದಿನ ಶಾಲೆಯಿಂದ ಕೋಣೆಗೆ ನಡೆಯುವಾಗ ಚಳಿ ತಾಗುತ್ತಿರಲಿಲ್ಲ. ಅದು ಸುಳ್ಳೆಂದು ಈಗ ಹೇಳಿದರೆ ನಡೆಯದು.

ಪ್ರತಿ ಭಾನುವಾರ ಫೋನು ಮಾಡುತ್ತಿದ್ದೆ. ಮೊದಮೊದಲು ನೀಲಾಳೇ ಓಡಿಬಂದು ಎತ್ತುತ್ತಿದ್ದಳು. "ಎಷ್ಟ ದಿನ ಉಳೀತಪಾ?" ಎನ್ನುತ್ತಿದ್ದಳು. ಎಣಿಸಿ ಹೇಳುತ್ತಿದ್ದೆ. ಆಮೇಲಾಮೇಲೆ ಕಾಶಕ್ಕ ಎತ್ತಿ ಅವಳನ್ನು ಕರೆಯುವಂತಾಯಿತು. ಆಮೇಲೆ ದಿನ ಎಷ್ಟುಳಿದವು ಎಂದು ನೀಲಾ ಕೇಳುವುದನ್ನು ಬಿಟ್ಟಳು. ಜಾಣೆಯಾದಳು ಎಂದುಕೊಂಡೆ. ಬೆಳೆಯದ ಮಗು ಜಾಣೆಯಾಗುವುದು ಹೇಗೆ ಎಂದು ಮಾತ್ರ, ಹನ್ನೊಂದು ವರ್ಷ ನಿಂತವರ ಖೋಲಿಯಲ್ಲಿ ಕಳೆದ ಈ ಮಾಸ್ತರನ ತಲೆಗೆ ಹೊಳೆಯಲಿಲ್ಲ.

ಮೂರು ವರ್ಷ ಮುಗಿಯುವಾಗ ಶಾಲೆಯವರು ಇನ್ನೆರಡು ವರ್ಷ ಇರಿ, ಇಂಗ್ಲಿಷ್ ವಿಭಾಗವನ್ನೇ ನೋಡಿಕೊಳ್ಳಿ ಎಂದರು. ಮೊದಲ ಆಯ್ಕೆಗೆ ನಾನು ಕಾರಣಗಳನ್ನು ಹೇಳಬಲ್ಲೆ. ಈ ಎರಡನೆಯದಕ್ಕೆ ನನ್ನ ಬಳಿ ಏನೂ ಇಲ್ಲ. ಮೂರು ವರ್ಷ ನಿಂತವಳಿಗೆ ಐದು ವರ್ಷ ಯಾವ ಲೆಕ್ಕ ಎಂದುಕೊಂಡೆ. ಫೋನಿನಲ್ಲಿ ಕಾಶಕ್ಕನಿಗೆ ಹೇಳಿದೆ.

"ಒಮ್ಮೆ ಬಂದು ಹೋಗೋ" ಎಂದಳು.

"ರಜಾ ಇಲ್ಲಕ್ಕ. ಎರಡು ವರ್ಷ ಕಣ್ಣ ಮುಚ್ಚಿ ತೆಗೆಯೂದ್ರಾಗ ಹೋಗ್ತಾವ."

"ನಿನ್ನ ಮನಸಿಗಿ ಬಂದಂಗ ಮಾಡು. ತಗೊ, ನೀಲಾ ಮಾತಾಡ್ತಾಳಂತ."

ನೀಲಾ ಕೇಳಿಸಿಕೊಂಡಳು. "ಆತಪಾ" ಎಂದಳು. ಅಷ್ಟೇ. ದನಿ ಸ್ವಲ್ಪ ದಪ್ಪವಾಗಿತ್ತು. ನೆಗಡಿಯೇನೇ ಎಂದೆ. ಹೌದೆಂದಳು.

ಹೊರಡುವ ಮುಂಚೆ ಅವಳಿಗೊಂದು ಕೆಂಪು ಕೋಟು ಕೊಂಡೆ, ಎಂಟು ವರ್ಷದ ಅಳತೆಯದು. ಅಂಗಡಿಯ ಹೆಂಗಸು ಮಗಳಿಗೆ ಎಷ್ಟು ವಯಸ್ಸೆಂದಳು. ಎರಡು ವಯಸ್ಸುಗಳನ್ನೂ ಹೇಳಿದೆ. ನನ್ನ ಮಾತು ತನಗೆ ತಿಳಿಯಲಿಲ್ಲ ಎಂದುಕೊಂಡಿರಬೇಕು, ನಕ್ಕು ಕೋಟನ್ನು ಮಡಚಿದಳು.

ಅಗಸಿಯಲ್ಲಿ ಬಸ್ಸಿಳಿದಾಗ ದಾವಲಸಾಬ ಬಂದಿದ್ದ. "ಬಂದ್ರೇನ್ರಿ ಮಾಸ್ತರ್ರ" ಎಂದು ನನ್ನ ದೊಡ್ಡ ಚೀಲ ಎತ್ತಿಕೊಂಡ. ಬಾಯಿ ತೆರೆದರೆ ಚೇಷ್ಟೆ ಮಾಡುವವನು ಮನೆಯ ಓಣಿ ಬರುವ ತನಕ ಚೀಲದ ಪಟ್ಟಿ ಸರಿಮಾಡಿಕೊಳ್ಳುತ್ತಲೇ ನಡೆದ. ಭರಮಪ್ಪ ಅಂಗಡಿಯ ಕನ್ನಡಿಯಲ್ಲೇ ನನ್ನನ್ನು ನೋಡಿ, ತಿರುಗದೆ ಕತ್ತರಿ ಆಡಿಸುತ್ತಿದ್ದ. ಓಣಿಯ ತುದಿಯಲ್ಲಿ ದಾವಲಸಾಬ ಚೀಲ ಕೆಳಗಿಟ್ಟು, "ಅಕ್ಕಾರ ಮ್ಯಾಲೆ ಸಿಟ್ಟು ಮಾಡಬ್ಯಾಡ್ರಿ" ಎಂದಷ್ಟೇ ಹೇಳಿ ಹೊರಟುಹೋದ. ಯಾಕೆಂದು ಕೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವನು ತಿರುವು ದಾಟಿದ್ದ.

ಮನೆಯ ಬಾಗಿಲು ತೆರೆದಿತ್ತು. ಹೊಲಿಗೆ ಯಂತ್ರದ ಮುಂದೆ ಎರಡು ಜಡೆಯ ಹುಡುಗಿಯೊಬ್ಬಳು, ಕೊರಳಲ್ಲಿ ಅಳತೆಯ ಟೇಪು ಹಾಕಿಕೊಂಡು, ತೋಳಿನ ಅಂಚು ಮಡಚುತ್ತಿದ್ದಳು. ಕಾಶಕ್ಕ ಯಾರಿಗೋ ಕೆಲಸ ಕಲಿಸುತ್ತಿದ್ದಾಳೆ, ಒಳ್ಳೆಯದಾಯಿತು ಎಂದುಕೊಂಡೆ. ಹೊಸ್ತಿಲಲ್ಲಿ ಬೂಟು ಬಿಚ್ಚುತ್ತ ಕೇಳಿದೆ: "ಕಾಶಕ್ಕ ಎಲ್ಲಿ ಹೋಗ್ಯಾಳವ್ವಾ? ನೀಲಾ ಸಾಲಿಗೆ ಹೋಗ್ಯಾಳೇನು?"

ಹುಡುಗಿ ಎದ್ದು ನಿಂತಳು. ನನ್ನ ಭುಜದ ತನಕ ಬಂದಿದ್ದಳು.

"ಅಪ್ಪಾ" ಎಂದಳು. "ನಾನಪಾ."

ನನ್ನ ಒಂದು ಕಾಲಲ್ಲಿ ಬೂಟು ಇತ್ತು, ಒಂದರಲ್ಲಿ ಇರಲಿಲ್ಲ. ನಾನು ಬಿಟ್ಟುಹೋದ ಮುಖವನ್ನು ಈ ಮುಖದಲ್ಲಿ ಹುಡುಕಿದೆ. ಹುಬ್ಬು ಸಿಕ್ಕಿತು, ಗಲ್ಲ ಸಿಕ್ಕಲಿಲ್ಲ. ಅವಳು ಎರಡು ಹೆಜ್ಜೆ ಮುಂದೆ ಬಂದು, ಅಪ್ಪಿಕೊಳ್ಳಬೇಕೋ ಕಾಲಿಗೆ ಬೀಳಬೇಕೋ ತಿಳಿಯದೆ ನನ್ನ ಕೈಯಿಂದ ಸಣ್ಣ ಚೀಲ ಇಸಿದುಕೊಂಡಳು. ನೆಂಟರು ಬಂದರೆ ಮಕ್ಕಳು ಮಾಡುವ ಹಾಗೆ.

ಆ ಸಂಜೆ ಕಾಶಕ್ಕ ಹಿತ್ತಲಲ್ಲಿ ಕೂತು ಹೇಳಿದಳು. "ಹತ್ತು ತಿಂಗಳು ನಿಂತಿದ್ದಳೋ. ಹತ್ತು ತಿಂಗಳು ಆ ಹಲ್ಲು ಹಿಡಕೊಂಡು ರೊಟ್ಟಿ ಹಾಲಿನ್ಯಾಗ ಅದ್ದಿ ತಿಂದಳು. ಒಂದು ದಿನ ಸಾಲಿಯಿಂದ ಬಂದು ಅಂಗೈ ತಗದು ತೋರಿಸಿದಳು. ಹಲ್ಲು. ಇಬ್ಬರೂ ಕುಂತು ಅತ್ತೆವು. ಅಕಿಗೂ ತಿಳದಿತ್ತು, ನನಗೂ ತಿಳದಿತ್ತು."

"ಮತ್ತ ನನಗ್ಯಾಕ ಹೇಳಲಿಲ್ಲ?"

"ಫೋನಿನ್ಯಾಗ ಇಂಥಾದ್ದು ಹೆಂಗ ಹೇಳ್ಲಿ? ನಿನ್ನ ಕೂಸು ನಿನ್ನ ಸಲುವಾಗಿ ನಿಲ್ಲೂದು ಬಿಟ್ಟದ ಅಂತ ಹೇಳ್ಲೇನು? ಅಕಿನ ಹೇಳಿದಳು, ಅತ್ತೀ, ಅಪ್ಪಗ ಹೇಳಬ್ಯಾಡ, ಅಂವಗ ಕೆಟ್ಟ ಅನಸ್ತದ ಅಂತ." ಕಾಶಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. "ನಾ ಬೇಕಂತ ಮಾಡಿದ್ದಲ್ಲೋ ಕಲ್ಮೇಶಾ. ನಾ ದೂರ ಆದ್ರ ಅಕಿ ಮತ್ತ ನಿನ್ನ ಸಲುವಾಗಿ ನಿಂತ್ರ ನಿಲ್ಲಲಿ ಅಂತ, ಅಕಿನ್ನ ಎದುರುಮನಿಯಾಗ ಬಿಟ್ಟು ನಾದಿನಿ ಊರಿಗೆ ಹೋಗಿ ಎಂಟು ದಿನ ಇದ್ದು ಬಂದೆ. ಬಂದು ನೋಡಿದ್ರ ನಿಂತಿದ್ದಳು. ನನ್ನ ಸಲುವಾಗಿ. ಆವತ್ತಿಂದ ಅಗಸಿ ದಾಟಿಲ್ಲ ನಾ."

ಕೆಂಪು ಕೋಟನ್ನು ನಾನು ನೀಲಾಳ ಮುಂದೆ ತೆಗೆಯಲೇ ಇಲ್ಲ. ಅದನ್ನು ಎದುರುಮನೆಯ ನರ್ಸಿನ ಮಗುವಿಗೆ ಕೊಟ್ಟೆ, ಅದು ಈ ವರ್ಷ ನಿಂತಿದೆ.

ಶಾಲೆಯಲ್ಲಿ ನನ್ನ ಹಳೆಯ ಜಾಗ ಖಾಲಿಯಿತ್ತು, ಸೇರಿಕೊಂಡೆ. ನೀಲಾ ನನ್ನೊಂದಿಗೆ ಚೆನ್ನಾಗಿಯೇ ಇದ್ದಳು. ಅನ್ನ ಬಡಿಸುತ್ತಿದ್ದಳು, ಪ್ರಬಂಧ ತಿದ್ದಿಸಿಕೊಳ್ಳುತ್ತಿದ್ದಳು, ಹಿಮ ಹೇಗಿರುತ್ತದೆ ಎಂದು ಕೇಳುತ್ತಿದ್ದಳು. ಸಿಟ್ಟು ಮಾಡಿದ್ದರೆ ಕ್ಷಮೆ ಕೇಳಬಹುದಿತ್ತು. ಸಿಟ್ಟಿನ ಸುಳಿವೇ ಇರಲಿಲ್ಲ. ಒಮ್ಮೆ ಪರೀಕ್ಷೆಯ ಕೆಲಸಕ್ಕೆಂದು ನಾನು ಮೂರು ರಾತ್ರಿ ಅಗಸಿಯಾಚೆ ಇರಬೇಕಾಯಿತು. ಬಂದ ಮೇಲೆ ಅವಳ ಉಗುರು ನೋಡಬಾರದೆಂದು ದಾರಿಯುದ್ದಕ್ಕೂ ಹೇಳಿಕೊಂಡೆ. ನೋಡಿದೆ. ಬೆಳೆದಿದ್ದವು.

ಆ ಚಳಿಗಾಲದಲ್ಲಿ ಕಾಶಕ್ಕನ ಕಣ್ಣಿನ ಪೊರೆ ತೆಗೆಸಬೇಕಾಯಿತು. ಸೂಜಿಗೆ ದಾರ ಪೋಣಿಸಲಾಗದಿದ್ದರೂ ಎರಡು ವರ್ಷದಿಂದ ಮುಂದೂಡುತ್ತ ಬಂದಿದ್ದಳು, ನೀಲಾ ನಿಲ್ಲುತ್ತಾಳೆಂದು. ಈಗ ನಾನಿದ್ದೇನಲ್ಲ ಎಂದು ಒತ್ತಾಯಿಸಿ ಕಳಿಸಿದೆ. ಎದುರುಮನೆಯ ನರ್ಸಿನ ತಾಯಿ ಜೊತೆಗೆ ಹೋದಳು. ಶಹರದ ಆಸ್ಪತ್ರೆ, ಹತ್ತು ದಿನ.

ಮಗು ನಿಂತಾಗ ಮನೆಯೊಳಗೆ ಹೇಗಿರುತ್ತದೆಂದು ನಾನು ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ. ಶಾಲೆಯಲ್ಲಿ ಬೆಳಿಗ್ಗೆ ಹತ್ತರಿಂದ ನಾಲ್ಕರ ತನಕ ನೋಡಿದ್ದೆ, ಅಷ್ಟೇ. ನನ್ನ ಮನೆಯಲ್ಲಿ ಅದು ನಡೆದಾಗಲೆಲ್ಲ ಅಗಸಿಯಾಚೆ ಇದ್ದವನು ನಾನೇ. ನೀಲಾ ಮೂರು ತಟ್ಟೆ ಹಾಕಿ ಒಂದನ್ನು ಎತ್ತಿಡುತ್ತಿದ್ದಳು. ಅಗಸಿಗೆ ದಿನಕ್ಕೆ ನಾಲ್ಕು ಬಸ್ಸು ಬರುತ್ತವೆ, ನಾಲ್ಕೂ ಹಾರ್ನ್ ಹೊಡೆಯುತ್ತವೆ. ಪ್ರತಿ ಸಲ ಅವಳ ಕೈ ಇದ್ದಲ್ಲೇ ನಿಂತುಬಿಡುತ್ತಿತ್ತು, ಲೆಕ್ಕ ಬಿಡಿಸುತ್ತಿದ್ದರೆ ಪೆನ್ನು, ತಲೆ ಬಾಚುತ್ತಿದ್ದರೆ ಹಣಿಗೆ. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಆಡುತ್ತಿತ್ತು. ಮೂರನೆಯ ದಿನದಿಂದ ನಾನು ಆ ಕೈಯನ್ನೇ ನೋಡುತ್ತಿದ್ದೆ. ದಿನಕ್ಕೆ ನಾಲ್ಕು ಸಲ, ಹತ್ತು ತಿಂಗಳು. ಆಗ ಅವಳಿಗೆ ಎಂಟು ವರ್ಷ.

ಒಂಬತ್ತನೆಯ ದಿನ ಕಾಶಕ್ಕ ಫೋನು ಮಾಡಿ, ಕಣ್ಣು ಇನ್ನೂ ಕೆಂಪಗಿದೆ, ಡಾಕ್ಟರು ಇನ್ನು ನಾಲ್ಕು ದಿನ ಎಂದಿದ್ದಾರೆ ಎಂದಳು. ನೀಲಾ "ಆತತ್ತಿ" ಎಂದಳು. ಆ ‘ಆತು’ ಎಂಬ ಮಾತನ್ನು ನಾನು ಮೊದಲೂ ಕೇಳಿದ್ದೆ. ಅದು ಒಪ್ಪಿಗೆ ಎಂದು ತಿಳಿದು ಎರಡು ವರ್ಷದ ಕರಾರಿಗೆ ಸಹಿ ಹಾಕಿದ್ದೆ.

ಅಂದು ಭಾನುವಾರ. ಮಧ್ಯಾಹ್ನ ನಾನು ಕುರ್ಚಿ ಎಳೆದುಕೊಂಡು ಕಿಟಕಿಯ ಬಳಿ ಕೂತೆ. ಅಲ್ಲಿಂದ ಅಗಸಿ ಕಾಣುತ್ತದೆ. ನಾಲ್ಕು ದಿನ ಎಂದ ಮೇಲೆ ಬರಲಾರಳೆಂದು ಗೊತ್ತಿದ್ದರೂ ಕೂತೆ. ನೀಲಾ ಶಾಲಾ ಅಂಗಿಗಳ ರಾಶಿಯ ನಡುವೆ ಗುಂಡಿ ಹಚ್ಚುತ್ತಿದ್ದವಳು ತಲೆಯೆತ್ತಿ ನೋಡಿದಳು.

"ಅಲ್ಲೆ ಕೂಡಬ್ಯಾಡಪಾ."

"ಯಾಕವ್ವಾ?"

"ಅಗಸಿ ಕಡೆ ಮಾರಿ ಮಾಡ್ಕೊಂಡು ಕುಂತ್ರ ಹೊತ್ತು ಹೋಗೂದಿಲ್ಲ. ಇಲ್ಲೆ ಬಾ. ಅದಕ್ಕ ಬೆನ್ನ ಮಾಡಿ ಕೂಡು. ಕೈಯಾಗ ಏನರೆ ಸಣ್ಣ ಕೆಲಸ ಇಟ್ಕೊ, ದೊಡ್ಡದು ಬ್ಯಾಡ, ಮನಸ್ಸು ಹತ್ತೂದಿಲ್ಲ." ಅವಳು ಚಾಪೆಯ ಮೇಲೆ ಜಾಗ ಮಾಡಿ, ಒಂದು ಬಿಳಿ ಅಂಗಿಯನ್ನೂ ಸೂಜಿಯನ್ನೂ ನನ್ನ ಮುಂದಿಟ್ಟಳು. "ಬಸ್ಸು ಹಾರ್ನ್ ಹೊಡದ್ರ ತಟ್ಟನ ತಿರುಗಿ ನೋಡಬಾರದು. ನೂರು ಎಣಿಸಬೇಕು. ಬರೂವ್ರು ಇದ್ರ ನೂರು ಆಗೂದ್ರಾಗ ಬಾಗಲಕ್ಕ ಬಂದಿರ್ತಾರ."

"ಇದನ್ನ ಯಾರು ಕಲಿಸಿದ್ರು ನಿನಗ?"

ನೀಲಾ ದಾರವನ್ನು ಹಲ್ಲಿನಿಂದ ಕಡಿದಳು. "ಯಾರು ಕಲಸ್ತಾರಪಾ ಇಂಥಾದ್ದು?" ಎಂದಳು. ದನಿಯಲ್ಲಿ ಕುಹಕವಿರಲಿಲ್ಲ.

ನಾನು ಅವಳ ಪಕ್ಕದಲ್ಲಿ ಕೂತೆ. ಗುಂಡಿ ಹಚ್ಚಲು ನನಗೆ ಬರುತ್ತಿರಲಿಲ್ಲ. ಅವಳು ನನ್ನ ಬೆರಳು ಹಿಡಿದು, ಯಾವ ರಂಧ್ರದಿಂದ ಯಾವ ರಂಧ್ರಕ್ಕೆ ಎಂದು ಎರಡು ಸಲ ತೋರಿಸಿದಳು. ತಪ್ಪಿದಾಗ ಬಿಚ್ಚಿ ಮತ್ತೆ ಕೊಟ್ಟಳು. ಮೂರೂವರೆಯ ಬಸ್ಸು ಹಾರ್ನ್ ಹೊಡೆಯಿತು. ನನ್ನ ಕುತ್ತಿಗೆ ತಾನಾಗಿಯೇ ತಿರುಗಹೋಯಿತು. "ಊಂಹೂಂ" ಎಂದು ಅವಳು ನನ್ನ ಮೊಣಕೈ ಹಿಡಿದು, ಮೆಲ್ಲಗೆ ಎಣಿಸತೊಡಗಿದಳು. ಇಂಗ್ಲಿಷಿನಲ್ಲಿ ಎಣಿಸುತ್ತಿದ್ದಳು, ಚಿಕ್ಕವಳಿದ್ದಾಗ ಮೆಟ್ಟಿಲು ಹತ್ತಿಸುತ್ತ ನಾನು ಕಲಿಸಿದ ರಾಗದಲ್ಲೇ. ನಾನೂ ಅವಳ ಜೊತೆ ಎಣಿಸಿದೆ. ಐವತ್ತು, ಅರವತ್ತು. ತೊಂಬತ್ತು ದಾಟಿದ ಮೇಲೆ ಅವಳ ದನಿ ನಿಧಾನವಾಯಿತು. ಒಂದೊಂದು ಸಂಖ್ಯೆಯನ್ನೂ ಬಿಡಲು ಮನಸ್ಸಿಲ್ಲದವಳಂತೆ ಹೇಳಿದಳು.

ನೂರಾಯಿತು. ಅವಳು ತಿರುಗಿ ನೋಡಿದಳು. ನನಗೆ ತಿರುಗಲಾಗಲಿಲ್ಲ.

"ಯಾರೂ ಇಲ್ಲ ಬಿಡು" ಎಂದು ನೀಲಾ ನನಗೆ ಸಮಾಧಾನ ಹೇಳಿ, ಇನ್ನೊಂದು ಗುಂಡಿ ಆರಿಸಿ ನನ್ನ ಅಂಗೈಯಲ್ಲಿ ಇಟ್ಟಳು.